ದುಂಡಸಿಯಲ್ಲಿ ಹಂದಿ ಬೆನ್ನಟ್ಟಿದ ಚಳಿಗಾಲ

ಹೋದ ವರ್ಷದ ಮಾಗಿಯಲ್ಲಿ ಹಾನಗಲ್ಲಿನ ಕೆರೆ ಏರಿಯ ಮೇಲೆ ಬೆಳಗಿನ ತಿರುಗಾಟಕ್ಕೆ ಹೋಗಿದ್ದೆ. ಮದುವೆಯ ಮೆರವಣಿಗೆಗೆಂದು ತರಿಸಿದ ಕುದುರೆಯೊಂದನ್ನು ಒಬ್ಬಾತ ನೀರಿನ ಅಂಚಿನಲ್ಲಿ ನಿಲ್ಲಿಸಿ ಹುಲ್ಲಿನ ಸುರುಳಿಯಿಂದ ಮೈ ತಿಕ್ಕುತ್ತಿದ್ದ. ಗಾಳಿ ನನ್ನ ಕಡೆಗೆ ತಿರುಗಿತು. ಬೆವರು, ಒದ್ದೆ ಕೂದಲು, ಹಳೆಯ ಜೀನಿನ ಚರ್ಮ, ಅದರ ಅಡಿಯಲ್ಲೆಲ್ಲೋ ಅಗಿದ ಹುಲ್ಲಿನ ಸಿಹಿ. ನಾನು ಏರಿಯ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಕಣ್ಣು ಮುಚ್ಚಿದರೆ ಕೆರೆ ಇರಲಿಲ್ಲ. ದುಂಡಸಿಯ ಹೊಲಗಳ ಮೇಲೆ ಮಂಜು ಎದೆಯೆತ್ತರಕ್ಕೆ ನಿಂತಿತ್ತು. ಆ ಮಂಜಿನ ಮೇಲೆ ಮೂರು ಕುದುರೆಗಳ ಕತ್ತುಗಳು ಮಾತ್ರ ತೇಲುತ್ತ ಹೋಗುತ್ತಿದ್ದವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹಂಸಭಾವಿಯ ನಮ್ಮ ಮನೆಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ತೆಗೆದುಕೊಂಡು ದುಂಡಸಿಗೆ ಪಶು ವೈದ್ಯರ ಸಹಾಯಕನಾಗಿ ಬಂದಿದ್ದೆ. ನನಗಾಗ ಇಪ್ಪತ್ತನಾಲ್ಕು. ಡಾಕ್ಟರು ಶಿಗ್ಗಾವಿಯಲ್ಲಿ ಇರುತ್ತಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ಆರು ದಿನ ಒಂದು ಕೋಣೆಯ ದವಾಖಾನೆ, ಒಂದು ಬೇವಿನ ಗಿಡ, ಒಂದು ಕಪಾಟು ಔಷಧ ನನ್ನ ಪಾಲಿಗೆ. ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟಂತೆ ಇತ್ತು. ಶೇಂಗಾ ಕೀಳುವ ದಿನಗಳು. ಊರೆಲ್ಲ ಹಸಿ ಮಣ್ಣಿನ, ಹಸಿ ಶೇಂಗಾದ ವಾಸನೆ.

ಅಂಥ ಒಂದು ಬೆಳಗ್ಗೆ ಶಾಂತವ್ವ ಬಂದಳು. ನಲವತ್ತರ ಹತ್ತಿರದ ಹೆಂಗಸು, ಗಟ್ಟಿ ಮೂಳೆ, ಕೆಳಗಿನ ಕೇರಿಯಾಕೆ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಎರಡೂ ಕೈಗಳಲ್ಲಿ ಕೌದಿಯಲ್ಲಿ ಸುತ್ತಿದ ಒಂದು ನಾಯಿಯನ್ನು ಕೂಸಿನ ಹಾಗೆ ಹಿಡಿದಿದ್ದಳು. ಬಿಚ್ಚಿ ನೋಡಿದರೆ ಪಕ್ಕೆಯಿಂದ ತೊಡೆಯವರೆಗೆ ಬ್ಲೇಡಿನಿಂದ ಸೀಳಿದಂತೆ ಗಾಯ.

"ಹಂದಿ ಹೊಡದೈತ್ರಿ" ಅಂದಳು. "ಹೊಲೀರಿ."

ನಾನು ಅಲ್ಲಿಯವರೆಗೆ ಜೀವಂತ ಚರ್ಮ ಹೊಲಿದವನಲ್ಲ. ಡಾಕ್ಟರು ಬರುವುದು ಇನ್ನೂ ನಾಲ್ಕು ದಿನ ಎಂದೆ.

"ಇದು ನಾಕು ದಿನ ಇರೂದಿಲ್ರಿ. ಅದಕ್ಕೂ ಹೊಸದು, ನಿಮಗೂ ಹೊಸದು. ನಾ ಹಿಡಕೋತೇನಿ, ನೀವು ಹೊಲೀರಿ."

ಆಕೆ ಹಿಡಿದುಕೊಂಡಳು, ನಾನು ಹೊಲಿದೆ. ಮೊದಲ ಎರಡು ಹೊಲಿಗೆಗಳನ್ನು ಬಿಚ್ಚಿ ಮತ್ತೆ ಹಾಕಬೇಕಾಯಿತು. ನಾಯಿ ಒಮ್ಮೆಯೂ ಕಚ್ಚಲಿಲ್ಲ, ಆಕೆಯ ಮುಖವನ್ನೇ ನೋಡುತ್ತಿತ್ತು. ಅದರ ಹೆಸರು ಹುಲಿಯ. ಅದು ಬದುಕಿತು. ಆವತ್ತಿನಿಂದ ಊರಿನ ಕಣ್ಣಲ್ಲಿ ನಾನೂ ಒಬ್ಬ ಡಾಕ್ಟರನಾದೆ.

ಶಾಂತವ್ವನ ಬಳಿ ಅಂಥ ಮೂರು ನಾಯಿಗಳಿದ್ದವು. ಉದ್ದ ಕಾಲು, ಒಳಸರಿದ ಹೊಟ್ಟೆ, ಕಿರಿದಾದ ಮೂತಿ. ಅವು ಆಕೆಯ ಸೀಟಿಗೆ ಮಾತ್ರ ಓಡುತ್ತಿದ್ದವು, ಆಕೆಯ ಸೀಟಿಗೆ ಮಾತ್ರ ನಿಲ್ಲುತ್ತಿದ್ದವು. ಆದ್ದರಿಂದ ಪ್ರತಿ ಚಳಿಗಾಲ ರುದ್ರಗೌಡರ ಹಂದಿಬೇಟೆಗೆ ಆಕೆ ಬೇಕೇ ಬೇಕಾಗಿದ್ದಳು.

ರುದ್ರಗೌಡರಿಗೆ ಅರವತ್ತರ ಮೇಲಾಗಿತ್ತು. ಮನೆಯಲ್ಲಿ ಒಂದು ಕೆಂಪು ಕುದುರೆ, ಒಂದು ತಟ್ಟು, ಅಂದರೆ ಗಿಡ್ಡ ಕುದುರೆ. ದಸರೆ ಮುಗಿದ ಮೇಲೆ ಸವಣೂರಿನಿಂದ ಖಾದರಸಾಬರು ತಮ್ಮ ಬಿಳಿಯ ಹೆಣ್ಣುಕುದುರೆಯನ್ನು ನಡೆಸಿಕೊಂಡು ಬಂದು ಮೂರು ತಿಂಗಳು ಗೌಡರ ಅಟ್ಟದ ಕೋಣೆಯಲ್ಲಿ ಇರುತ್ತಿದ್ದರು. ಹರೆಯದಲ್ಲಿ ಸಂಸ್ಥಾನದ ಲಾಯದಲ್ಲಿ ಕುದುರೆ ಪಳಗಿಸಿದವರು. ಲಾಯ ಹೋಯಿತು, ಕುದುರೆಗಳು ಹೋದವು, ಕೈಯಲ್ಲಿ ಉಳಿದದ್ದು ಈ ಒಂದೇ. ಅದಕ್ಕೆ ಶಬನಂ ಎಂದು ಹೆಸರಿಟ್ಟಿದ್ದರು. ಶಬನಂ ಅಂದರೆ ಇಬ್ಬನಿ. ಪೈರು ಹಾಳು ಮಾಡುವ ಹಂದಿಯನ್ನು ಹೊಡೆಯಲು ಪರವಾನಗಿಯ ಚೀಟಿಯೊಂದು ಗೌಡರ ಜೇಬಿನಲ್ಲಿ ಇರುತ್ತಿತ್ತು. ಅಡವಿ ದುಂಡಸಿಯ ಪಶ್ಚಿಮಕ್ಕೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಹಂದಿಗಳಿಗೆ ಬರಗಾಲವಿರಲಿಲ್ಲ.

ವಿಚಿತ್ರವೆಂದರೆ ಗೌಡರು ಲಿಂಗಾಯತರು, ಖಾದರಸಾಬರು ಮುಸಲ್ಮಾನರು. ಹಂದಿಯ ಮಾಂಸ ಇಬ್ಬರ ಮನೆಯ ಹೊಸ್ತಿಲನ್ನೂ ದಾಟುವಂಥದ್ದಲ್ಲ. ಹೊಡೆದದ್ದು ಅಲ್ಲಿಂದಲೇ ಕೆಳಗಿನ ಕೇರಿಗೆ ಹೋಗುತ್ತಿತ್ತು. ಬೇಟೆಯ ದಿನ ಇವರು ಸ್ನಾನ ಮಾಡದ ಹೊರತು ಗೌಡರ ಹೆಂಡತಿ ಒಳಗೆ ಬಿಡುತ್ತಿರಲಿಲ್ಲ. ಹಾಗಿದ್ದರೆ ಯಾತಕ್ಕೆ ಈ ದಣಿವು ಎಂದು ಖಾದರಸಾಬರನ್ನು ಕೇಳಿದ್ದೆ.

"ನಮಗ ಓಡೂದಷ್ಟ ಬೇಕಾಗೇತ್ರಿ" ಅಂದಿದ್ದರು.

ಆ ವರ್ಷ ಮೊದಲ ಬೇಟೆಗೆ ಕುದುರೆಗಳು ಸಜ್ಜಾಗಿ ಗೌಡರ ಕಟ್ಟೆಯ ಮುಂದೆ ನಿಂತಾಗ ಶಾಂತವ್ವ ಬಂದಳು, ನಾಯಿಗಳಿಲ್ಲದೆ. ನಾನು ಕುದುರೆಗಳ ಗೊರಸು ನೋಡಲು ಹೋಗಿದ್ದೆ.

"ನಾಯಿ ಎಲ್ಲಿ?" ಎಂದರು ಗೌಡರು.

"ಮನ್ಯಾಗ ಅದಾವ್ರಿ. ಈ ವರ್ಷ ಬೇಟಿ ನನ್ನ ಹೊಲದಿಂದ ಸುರು ಆಗಬೇಕ್ರಿ. ಅರ್ಧಾ ಶೇಂಗಾ ಹಂದಿ ತಿಂದಾವು. ಇನ್ನ ಬಿಳಿಜೋಳ ಬಿತ್ತೇನಿ, ಅದೂ ಹೋದ್ರ ನಾ ಏನ್ ತಿನ್ನಲಿ?"

ಶಾಂತವ್ವನ ಹೊಲ ಅಡವಿಯ ಅಂಚಿಗಿತ್ತು. ಆಕೆಯ ಗಂಡ, ಅವನ ಅಪ್ಪ ಅದನ್ನು ಗೌಡರ ಮನೆಗೆ ಪಾಲು ಕೊಟ್ಟು ಉಳುತ್ತಿದ್ದರು. ಉಳುವವನಿಗೇ ಭೂಮಿ ಎಂಬ ಕಾಯ್ದೆ ಬಂದಾಗ ಅದು ಆಕೆಯ ಹೆಸರಿಗೆ ಆಯಿತು. ಅಂದಿನಿಂದ ಗೌಡರು ಆ ದಿಕ್ಕಿಗೆ ಕಾಲಿಟ್ಟಿರಲಿಲ್ಲ. ಅಡವಿಗೆ ಹೋಗಬೇಕಾದರೂ ಸುತ್ತು ಹಾಕಿ ಹೋಗುತ್ತಿದ್ದರು.

"ಆ ಕಡೆ ನಮ್ಮ ಕುದರಿ ಬರೂದಿಲ್ಲ" ಎಂದರು ಗೌಡರು.

"ಹಂಗಾರ ನನ್ನ ನಾಯೀನೂ ಬರೂದಿಲ್ರಿ" ಎಂದು ಹೇಳಿ ಶಾಂತವ್ವ ಹೊರಟುಹೋದಳು. ಆಕೆಯ ದನಿ ಏರಲಿಲ್ಲ. ಕುದುರೆಗಳ ಜೀನು ಇಳಿಸಿದರು.

ಹದಿನೈದು ದಿನ ಹಾಗೆಯೇ ಹೋಯಿತು. ಖಾದರಸಾಬರು ಬೆಳಿಗ್ಗೆ ಬೇಸರ ಕಳೆಯಲು ನನಗೆ ತಟ್ಟುವಿನ ಮೇಲೆ ಕೂರುವುದನ್ನು ಕಲಿಸತೊಡಗಿದರು. ಊರ ಹೊರಗಿನ ಗಾಂವಠಾಣದ ಬಯಲಿನಲ್ಲಿ ಸುತ್ತು ಹಾಕುತ್ತಿದ್ದೆ. ಮೊದಲ ವಾರ ಮೂರು ಸಲ ಬಿದ್ದೆ.

"ನೀವು ಕುದರಿ ಮ್ಯಾಲೆ ಕುಂತಿಲ್ರಿ, ಹೆದರಿಕಿ ಮ್ಯಾಲೆ ಕುಂತೀರಿ" ಎಂದು ನಕ್ಕರು. "ಅದರ ಉಸುರು ಕೇಳ್ರಿ. ಅದು ಉಸುರು ಬಿಟ್ಟಾಗ ನೀವೂ ಬಿಡ್ರಿ."

ಒಂದು ದಿನ ಹಾಗೆ ಉಸಿರು ಬಿಟ್ಟೆ. ಏನಾಯಿತೋ ತಿಳಿಯದು. ನೆಲ ಕೆಳಗೆ ಸರಿಯಿತು, ಸದ್ದೆಲ್ಲ ದೂರವಾಯಿತು. ಮಂಜಿನಲ್ಲಿ ಜಾಲಿಗಿಡಗಳು ಒಂದೊಂದಾಗಿ ಎದುರು ಬಂದು ಮರೆಯಾಗುತ್ತಿದ್ದವು, ಯಾರೋ ಮೆಲ್ಲಗೆ ಪುಟ ತಿರುವಿದ ಹಾಗೆ. ಗೊರಸಿನ ಸಪ್ಪಳ ನನ್ನ ಎದೆಯೊಳಗಿನಿಂದಲೇ ಬರುತ್ತಿದೆ ಅನಿಸುತ್ತಿತ್ತು. ಅಂದು ದವಾಖಾನೆಗೆ ಬಂದು ಕುಳಿತಾಗಲೂ ಕುರ್ಚಿ ಓಲಾಡುತ್ತಿತ್ತು. ಎಮ್ಮೆಯ ಕೆಚ್ಚಲು ಬಾವಿಗೆ ಔಷಧ ಕೇಳಲು ಬಂದವನಿಗೆ ಎರಡು ಸಲ ಏನು ಬೇಕೆಂದು ಕೇಳಿದೆ.

ಆ ಹೊತ್ತಿಗೆ ಹಂದಿಗಳು ಗೌಡರ ಕಬ್ಬಿಗೂ ನುಗ್ಗಿದವು. ಗೌಡರು ಬದುವಿನ ಮೇಲೆ ನಿಂತು ಮುರಿದ ಜಲ್ಲೆಗಳನ್ನು ನೋಡುತ್ತಿದ್ದಾಗ ಖಾದರಸಾಬರು ಪಕ್ಕದಲ್ಲಿ ಇದ್ದರು, ನಾನೂ ಇದ್ದೆ.

"ಹಂದಿಗೆ ಉತಾರ ಓದಾಕ ಬರೂದಿಲ್ರಿ ಗೌಡ್ರ" ಅಂದರು ಖಾದರಸಾಬರು. "ಯಾರ ಹೆಸರಿಗೆ ಯಾವ ಹೊಲ ಐತಿ ಅಂತ ಅದಕ್ಕ ಗೊತ್ತಿಲ್ಲ. ಆಕಿ ಹೊಲದಿಂದ ಬಂದ ನಿಮ್ಮ ಹೊಲಕ್ಕ ಇಳಿತಾವು."

ಗೌಡರು ಬಗ್ಗಿ ಮುರಿದ ಜಲ್ಲೆಯೊಂದನ್ನು ಎತ್ತಿ ಬದುವಿನಾಚೆ ಎಸೆದರು. ಆಮೇಲೆ, "ನಾಳೆ ನಾಯಿ ತರಾಕ ಹೇಳ್ರಿ" ಎಂದರು.

ಹೀಗೆ ಆ ಚಳಿಗಾಲದ ಬೇಟೆ ಶುರುವಾಯಿತು. ಗೌಡರು ತಾವು ಶಾಂತವ್ವನ ಹೊಲದ ಮೇರೆಯ ಹೊರಗೇ ಕುದುರೆ ನಿಲ್ಲಿಸಿಕೊಂಡಿರುತ್ತಿದ್ದರು. ಒಳಗೆ ಖಾದರಸಾಬರು ಹೋಗುತ್ತಿದ್ದರು. ಮೂರನೆಯ ಸವಾರನಾಗಿ ತಟ್ಟುವಿನ ಮೇಲೆ ನಾನು. ಗಾಯವಾದ ನಾಯಿಗೆ ಅಲ್ಲಿಯೇ ಔಷಧ ಹಾಕಲು ಒಬ್ಬ ಬೇಕೆಂದು ನನ್ನನ್ನು ಕರೆದೊಯ್ದರು. ನಾನು ಹೋದದ್ದು ಮಾತ್ರ ಆ ಓಟದ ಆಸೆಗೆ. ಔಷಧದ ಚೀಲ ಜೀನಿಗೆ ಕಟ್ಟಿರುತ್ತಿತ್ತು, ಕೈಯಲ್ಲಿ ಬರ್ಚಿ. ಬರ್ಚಿ ಎಂದರೆ ಆಳುದ್ದದ ಬಿದಿರಿಗೆ ಹೂಡಿದ ಅಗಲ ಮೊನೆಯ ಈಟಿ.

ಬೆಳಕು ಹರಿಯುವ ಹೊತ್ತಿಗೆ ಹೊಲ ಸೇರುತ್ತಿದ್ದೆವು. ಹಳ್ಳದ ಪೊದೆ ಕಂಟಿಯೊಳಗೆ ಶಾಂತವ್ವ ನಾಯಿ ಬಿಡುತ್ತಿದ್ದಳು. ಮೊದಲು ಏನೂ ಇಲ್ಲ. ಬಿಳಿಜೋಳದ ಎಲೆಯಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಮಾತ್ರ. ಶಬನಂ ಕಿವಿ ನಿಮಿರಿಸುತ್ತಿದ್ದಳು. ಆಮೇಲೆ ಕಂಟಿ ಒಮ್ಮೆ ಅಲುಗಿ, ಕರಿಯ ಗುಂಪೊಂದು ಉರುಳಿದ ಬಂಡೆಗಳ ಹಾಗೆ ಬಯಲಿಗೆ ಬೀಳುತ್ತಿತ್ತು. ನಾಯಿಗಳು ಬೊಗಳುತ್ತಿರಲಿಲ್ಲ, ಓಡುತ್ತಿದ್ದವು. ಅವುಗಳ ಹಿಂದೆ ನಾವು. ಕೊಯ್ದ ಹೊಲಗಳು, ಹಳದಿ ಕುಸುಬಿಯ ಪಟ್ಟಿಗಳು, ತೆರೆದ ಬಯಲು, ಕೆನ್ನೆಗೆ ಬಡಿಯುವ ತಣ್ಣನೆ ಗಾಳಿ. ಆ ಓಟದಲ್ಲಿ ನನಗೆ ಕೊಲ್ಲುವ ಯೋಚನೆ ಬಂದದ್ದೇ ಇಲ್ಲ. ಖಾದರಸಾಬರೋ ಗೌಡರೋ ಆ ಕೆಲಸ ಮುಗಿಸಿರುತ್ತಿದ್ದರು. ನಾನು ತಲುಪುವಾಗ ನಾಯಿಗಳು ನಾಲಗೆ ಚಾಚಿ ಮಲಗಿರುತ್ತಿದ್ದವು. ಸೂರ್ಯ ಆಗಷ್ಟೇ ಮೇಲೆ ಬಂದು ಎಲ್ಲವೂ ಬಂಗಾರದ ಬಣ್ಣ, ನೆಲದ ಮೇಲಿನ ರಕ್ತವೂ. ಮಧ್ಯಾಹ್ನ ಬೇವಿನ ನೆರಳಲ್ಲಿ ನಾಯಿಗಳ ಗಾಯ ಹೊಲಿಯುತ್ತಿದ್ದೆ. ಈಗ ಯಾವ ಹೊಲಿಗೆಯನ್ನೂ ಬಿಚ್ಚಿ ಹಾಕಬೇಕಾಗುತ್ತಿರಲಿಲ್ಲ. ನಾನು ಸವಾರ ಎಂದು ನನಗೆ ನಾನೇ ಅಂದುಕೊಂಡಿದ್ದೆ.

ಸಂಕ್ರಾಂತಿ ಹತ್ತಿರವಿತ್ತು. ಶಾಂತವ್ವನ ಜೋಳ ತೆನೆ ಹಿಡಿದಿತ್ತು. ಗುಂಪಿನಿಂದ ಬೇರೆಯಾದ ಒಂದು ಗಂಡುಹಂದಿ ದಿನಾ ಬಂದು ಅದನ್ನು ಉರುಳಿಸತೊಡಗಿತು. ಕಾವಲಿಗೆ ಹೋದ ಕೇರಿಯವನೊಬ್ಬನನ್ನು ಕೆಡವಿ ತೊಡೆ ಸೀಳಿತ್ತು. ಅವನನ್ನು ಬಂಡಿಯಲ್ಲಿ ಶಿಗ್ಗಾವಿಗೆ ಒಯ್ದಿದ್ದರು. ಆಮೇಲೆ ಆ ಹೊಲದತ್ತ ಹೋಗಲು ಯಾರೂ ಒಪ್ಪಲಿಲ್ಲ. ಶಾಂತವ್ವ ಒಬ್ಬಳೇ ಹೋಗುತ್ತಿದ್ದಳು.

ಅದನ್ನು ಹುಡುಕಿ ಹೊರಟ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನನ್ನ ತಟ್ಟುವಿನ ಕಿವಿಯೇ ನನಗೆ ಮಸುಕಾಗಿ ಕಾಣುತ್ತಿತ್ತು. ನಾಯಿಗಳು ಕಂಟಿಯೊಳಗೆ ಹೋದವು. ಹಂದಿ ಎಂದಿನಂತೆ ಬಯಲಿಗೆ ಬರಲಿಲ್ಲ. ಜೋಳದ ನಡುವಿನಿಂದ ನೇರ ಮೇರೆಗೆ ನುಗ್ಗಿತು, ಗೌಡರು ನಿಂತಿದ್ದ ಕಡೆಗೆ. ಗೌಡರು ಕುದುರೆ ತಿರುಗಿಸಿ ಬೆನ್ನಟ್ಟಿದರು. ನಾನು ಅವರ ಎಡಕ್ಕೆ ಹತ್ತು ಮಾರು ದೂರದಲ್ಲಿದ್ದೆ. ಖಾದರಸಾಬರು ಬಲು ಹಿಂದೆ. ಕುಸುಬಿಯ ಹೊಲ ತಲುಪುವಾಗ ಮಂಜು ತೆಳುವಾಗಿತ್ತು. ಅಲ್ಲಿ ಗಿಡಗಳ ಮರೆಯಲ್ಲಿ ಮಳೆನೀರು ಕೊರೆದ ಕೊರಕಲೊಂದು ಇತ್ತು. ಕೆಂಪು ಕುದುರೆಯ ಮುಂಗಾಲು ಅದರಲ್ಲಿ ಇಳಿಯಿತು. ಗೌಡರು ಅದರ ತಲೆಯ ಮೇಲಿಂದ ಹಾರಿ ಬಿದ್ದರು. ಅವರ ಕಾಲು ಮುರಿದ ಸದ್ದು ನನಗೆ ಕೇಳಿಸಿತು. ಕುದುರೆ ಮಾತ್ರ ಎದ್ದು ಓಡಿತು.

ಹಂದಿ ನಿಂತಿತು. ತಿರುಗಿತು. ಶಾಂತವ್ವನ ನಾಯಿ ಹುಲಿಯ ಅದರ ಕಿವಿಗೆ ಬಾಯಿ ಹಾಕಿತ್ತು. ಉಳಿದೆರಡು ನಾಯಿಗಳು ತೊಡೆಗೆ ಜೋತುಬಿದ್ದಿದ್ದವು. ಮೂರನ್ನೂ ಎಳೆದುಕೊಂಡೇ ಅದು ಗೌಡರ ಕಡೆ ಒಂದೊಂದೇ ಹೆಜ್ಜೆ ಬರುತ್ತಿತ್ತು. ನನಗೂ ಅದಕ್ಕೂ ನಡುವೆ ಏನೂ ಇರಲಿಲ್ಲ. ತಟ್ಟು ಓಟದಲ್ಲೇ ಇತ್ತು, ಕೈಯಲ್ಲಿ ಬರ್ಚಿ ಇತ್ತು. ಇನ್ನು ನಾಲ್ಕು ನೆಗೆತ, ಅಷ್ಟೇ. ನಾನು ಅದರ ಕಣ್ಣು ನೋಡಿದೆ. ಸಣ್ಣ, ಕೆಂಪಗಿನ, ದಣಿದ ಕಣ್ಣು. ನನ್ನ ಎಡಗೈ ಲಗಾಮು ಎಳೆಯಿತು. ತಟ್ಟು ನಿಂತಿತು.

ಬಿಳಿಯದೊಂದು ನನ್ನ ಪಕ್ಕದಿಂದ ಹಾದುಹೋಯಿತು. ಖಾದರಸಾಬರು ಶಬನಂಳನ್ನು ಗೌಡರಿಗೂ ಹಂದಿಗೂ ನಡುವೆ ತಂದು ನಿಲ್ಲಿಸಿ, ಬಗ್ಗಿ, ಬರ್ಚಿಯನ್ನು ಹಂದಿಯ ಹೆಗಲ ಹಿಂದೆ ಇಳಿಸಿದರು. ಹಂದಿ ಬೀಳುವ ಮುಂಚೆ ಒಮ್ಮೆ ತಲೆ ಎತ್ತಿತು. ಆ ಒಂದು ಎತ್ತುವಿಕೆಗೆ ಕೋರೆಹಲ್ಲು ತಾಗಿ ಶಬನಂಳ ಪಕ್ಕೆ ಗೇಣುದ್ದ ಬಿಚ್ಚಿಕೊಂಡಿತು.

ಆಕೆ ಬೀಳಲಿಲ್ಲ. ಖಾದರಸಾಬರು ಇಳಿದು ಅವಳ ಮುಖವನ್ನು ಎದೆಗೆ ಒತ್ತಿಕೊಂಡರು. ನನ್ನತ್ತ ನೋಡಿ, "ಬರ್ರಿ" ಎಂದರು, ಅಷ್ಟೇ.

ಗಾಯ ತೊಳೆದು ನೋಡಿದೆ. ಚರ್ಮ, ಮಾಂಸ ಹರಿದಿತ್ತು, ಒಳಗಿನ ತೆಳುಪೊರೆ ಉಳಿದಿತ್ತು. ಅದರ ಹಿಂದೆ ಕರುಳು ಉಸಿರಿನೊಂದಿಗೆ ಸರಿದಾಡುವುದು ಕಾಣುತ್ತಿತ್ತು. ಮರಗಟ್ಟಿಸುವ ಔಷಧ ನಾಯಿಗೆ ಸಾಕಾಗುವಷ್ಟು ಮಾತ್ರ ಇತ್ತು. ಇದ್ದಷ್ಟನ್ನು ಚುಚ್ಚಿದೆ. ಶಾಂತವ್ವ ಓಡಿಬಂದಿದ್ದಳು. ಗೌಡರ ತಲೆಯಡಿಗೆ ತನ್ನ ಕಂಬಳಿ ಇಟ್ಟು, ಎದ್ದು ಬಂದು ನನ್ನ ಪಕ್ಕದಲ್ಲಿ ದಾರ ಹಿಡಿದು ನಿಂತಳು. ಖಾದರಸಾಬರು ಕುದುರೆಯ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದರು, ಮಗುವನ್ನು ಮಲಗಿಸುವ ದನಿಯಲ್ಲಿ. ಹೊಲಿದೆ. ಪದರ ಪದರವಾಗಿ ಹೊಲಿದೆ. ಮಂಜು ಯಾವಾಗ ಕರಗಿತೋ, ಬಿಸಿಲು ಯಾವಾಗ ನೆತ್ತಿಗೇರಿತೋ ತಿಳಿಯಲಿಲ್ಲ. ನಮ್ಮ ಸುತ್ತ ಕುಸುಬಿಯ ಹೂವಿಗೆ ಜೇನುಹುಳಗಳು ಬಂದಿದ್ದವು. ಆ ಗುಂಯ್ ಎನ್ನುವ ಸದ್ದು, ಆ ಮೆಲುದನಿ, ಸೂಜಿ ಒಳಹೋಗಿ ಹೊರಬರುವುದು, ಇಷ್ಟೇ ನನಗೆ ನೆನಪಿರುವುದು.

ಊರಿನಿಂದ ಬಂದವರು ಗೌಡರನ್ನು ಹೊರಸಿನ ಮೇಲೆ ಮಲಗಿಸಿ ಹತ್ತಿರದ ದಾರಿಯಲ್ಲಿ ಹೊತ್ತರು, ಶಾಂತವ್ವ, ನಾನು ಜೊತೆಗೆ ನಡೆದೆವು. ಹತ್ತಿರದ ದಾರಿ ಶಾಂತವ್ವನ ಹೊಲದೊಳಗಿಂದ. ಹೊತ್ತವರು ದಣಿದು ಆಕೆಯ ಕಣದಲ್ಲಿ ಇಳಿಸಿದಾಗ ಗೌಡರು ತಲೆ ಹೊರಳಿಸಿ ಬಹಳ ಹೊತ್ತು ಹೊಲ ನೋಡಿದರು.

"ಬದುವಿಗೆ ಕಲ್ಲು ಹಾಕೀಯಲ್ಲ" ಎಂದರು.

"ಮಣ್ಣು ಕೊಚ್ಚಿಗೊಂಡು ಹೊಂಟಿತ್ರಿ" ಅಂದಳು ಶಾಂತವ್ವ. "ಎರಡು ಬ್ಯಾಸಗಿ ನಾನ ಹೊತ್ತು ಹಾಕೇನ್ರಿ."

"ನಮ್ಮಪ್ಪನೂ ಹಾಕಸ್ತೇನಿ ಅಂತಿದ್ದ. ಆಗಲಿಲ್ಲ." ತೆನೆಗಳತ್ತ ನೋಡಿ, "ಜೋಳ ಛಲೋ ಬಂದೈತಿ" ಎಂದರು. ಆಮೇಲೆ ಹೊರಸು ಎತ್ತಿದರು.

ಶಾಂತವ್ವ ಆ ವರ್ಷ ತನ್ನ ಜೋಳ ತಾನೇ ಕೊಯ್ದಳು. ಗೌಡರು ಕೋಲು ಹಿಡಿದು ನಡೆಯುವಂತಾದರು, ಕುದುರೆ ಹತ್ತಲಿಲ್ಲ. ಅಡವಿಗೆ ಹೋಗುವಾಗ ಸುತ್ತು ಹಾಕುವುದನ್ನು ಬಿಟ್ಟರು. ಬೇಟೆ ಅಲ್ಲಿಗೇ ನಿಂತಿತು. ಮುಂದೆ ಕಾನೂನೂ ಬಿಗಿಯಾಯಿತು, ನನಗೂ ಹಿರೇಕೆರೂರಿನ ಕಡೆ ವರ್ಗವಾಯಿತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕುದುರೆ ಉಳಿಸಿದ ಡಾಕ್ಟರ ಎಂದು ಹೋದಲ್ಲೆಲ್ಲ ಚಹಾ ಕೊಡುತ್ತಿದ್ದರು. ಆ ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಶಬನಂ ಬದುಕಿದಳು. ಆದರೆ ಸವಾರನನ್ನು ಹೊರುವ ಶಕ್ತಿ ಇನ್ನಿರಲಿಲ್ಲ. ಮುತ್ತುಗದ ಗಿಡಗಳು ಹೂಬಿಟ್ಟ ಕಾಲಕ್ಕೆ ಖಾದರಸಾಬರು ಆಕೆಯನ್ನು ಸವಣೂರಿಗೆ ನಡೆಸಿಕೊಂಡು ಹೊರಟರು. ಗಾಯಕ್ಕೆ ದಾರಿಯಲ್ಲಿ ಔಷಧ ಹಾಕಬೇಕೆಂದು ರಜೆ ಹಾಕಿ ನಾನೂ ಹೊರಟೆ. ಮೂರು ದಿನದ ನಡಿಗೆ. ಸುತ್ತಾದರೂ ಆಗಲಿ ಎಂದು ಹುಲಗೂರಿನ ದರ್ಗಾಕ್ಕೆ ಹೋಗಿ ಆಕೆಯ ಹಣೆಗೆ ಊದಿನ ಬೂದಿ ಹಚ್ಚಿಸಿದರು. ಬಿಸಿಲು ಏರಿದಾಗ ಮರದಡಿ ಮಲಗುತ್ತಿದ್ದೆವು, ಇಳಿದಾಗ ನಡೆಯುತ್ತಿದ್ದೆವು. ಆಕೆ ನಿಂತಲ್ಲಿ ನಿಲ್ಲುತ್ತಿದ್ದೆವು. ರಸ್ತೆಯ ಧೂಳು, ಮುತ್ತುಗದ ಕೆಂಪು, ಆ ಬಿಳಿಯ ಮೈ. ಮೂರು ದಿನವೂ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ನನ್ನ ನೆನಪಿನಲ್ಲಿದೆ.

ಸವಣೂರಿನ ಎಲೆಬಳ್ಳಿಯ ತೋಟಗಳು ಶುರುವಾದಾಗ ನನಗೆ ಇನ್ನು ತಡೆಯಲಾಗಲಿಲ್ಲ.

"ಖಾದರಸಾಬರ, ಆವತ್ತ ಮುಂದಿದ್ದಾಂವ ನಾನು."

"ತಟ್ಟು ಬೆದರಿ ನಿಂತಿತ್ರಿ" ಎಂದರು ಅವರು, ನನ್ನತ್ತ ನೋಡದೆ. "ನಾ ಹಿಂದಿಂದ ನೋಡೇನಲ್ಲ."

"ತಟ್ಟು ತಾನ ನಿಂದ್ರಲಿಲ್ಲ. ನಾ ನಿಲ್ಲಿಸಿದ್ನಿ."

ಎರಡು ತೋಟ ಕಳೆದವು. ಬಳ್ಳಿಗೆ ಹಾಯಿಸಿದ ನೀರಿನ ತಂಪು ರಸ್ತೆಯವರೆಗೆ ಬರುತ್ತಿತ್ತು. ಶಬನಂ ಮೂಗು ಅರಳಿಸಿದಳು, ಊರು ಗುರುತು ಹಿಡಿದಿದ್ದಳು.

"ಹೇಳದಿದ್ರೂ ನಡೀತಿತ್ತು" ಎಂದರು ಖಾದರಸಾಬರು ಕೊನೆಗೆ. "ಹೇಳಿದ್ರಿ. ಛಲೋ ಆತು."

ಆಮೇಲೆ ಕೈಯಲ್ಲಿದ್ದ ಹಗ್ಗವನ್ನು ನನ್ನ ಕಡೆ ಚಾಚಿದರು. "ಹಿಡೀರಿ. ನನ್ನ ಕೈ ಸೋತಾವು."

ಹಿಡಿದೆ. ಶಬನಂ ನಿಂತಳು. ಹಗ್ಗದ ತುದಿಯ ಕೈ ಬದಲಾದದ್ದು ಆಕೆಗೆ ತಿಳಿದಿತ್ತು. ನನ್ನನ್ನು ನೋಡಿದಳು. ನಾನು ಎಳೆಯಲಿಲ್ಲ, ಕಾದೆ. ಖಾದರಸಾಬರು ತಿರುಗಿ ನೋಡದೆ ಮುಂದೆ ನಡೆಯುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಆಕೆ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಆಕೆಯ ಬಿಸಿಯುಸಿರು ನನ್ನ ಭುಜಕ್ಕೆ ತಾಗುತ್ತಿತ್ತು. ಹಾಗೆ ಇಬ್ಬರೂ ಊರೊಳಗೆ ಹೋದೆವು.